ಎಡಗೈಯ ಮಣ್ಣು

ನನ್ನ ಅಕ್ಕ ಮರಿಯವ್ವನ ಮಗ ಕನಕರಾಜ ಸತ್ತ ದಿನ ಅವನ ಅಪ್ಪ ಮೈಲಾರಲಿಂಗಪ್ಪ ಮುಂಡರಗಿಯ ಆಚೆ ಹೊಳೆದಂಡೆಯಲ್ಲಿ ಕುರಿ ತರುಬಿಕೊಂಡು ಬೀಡುಬಿಟ್ಟಿದ್ದ. ಫೋನು ಹತ್ತಲಿಲ್ಲ. ಲಕ್ಷ್ಮೇಶ್ವರದ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಹುಡುಗನ ಹೆಣ ಮಲ್ಲಸಮುದ್ರಕ್ಕೆ ಬಂದಾಗ ಹೊತ್ತು ಇಳಿದಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಹಟ ಹಿಡಿದರು. ಅಪ್ಪ ಬರುವತನಕ ನಿಲ್ಲಿರೆಂದು ನಾನು ಗಂಟಲು ಹರಿಯುವಂತೆ ಒದರಿದೆ. ಯಾರು ಕೇಳಬೇಕು?

ಮರುದಿನ ಬಂದ ಮೈಲಾರಲಿಂಗಪ್ಪ ನೋಡಿದ್ದು ಹಸಿ ಮಣ್ಣಿನ ದಿಬ್ಬವನ್ನು. ಅದರ ಮೇಲೆ ಒಂದು ಹಿಡಿ ಹಾಕು ಎಂದೆ.

"ಮುಚ್ಚಿದ ಮ್ಯಾಲ ಹಾಕಿದ್ದು ಅಂವಗ ಮುಟ್ಟಂಗಿಲ್ಲ" ಎಂದ. ಆಮೇಲೆ ಅವನು ಮಾತು ಬಿಟ್ಟ. ಉಂಡರೆ ಉಂಡ, ಇಲ್ಲದಿದ್ದರೆ ಇಲ್ಲ.

ಕನಕರಾಜ ಗದಗಿನಲ್ಲಿ ಮದುವೆ ವಿಡಿಯೋ ಜೋಡಿಸುತ್ತಿದ್ದ. ಮನೆಗೆ ಬಂದರೆ ತಂಗಿ ರೇಷ್ಮಾಳ ಜೊತೆ ಕಂಪ್ಯೂಟರ್ ಗೇಮಿನೊಳಗೆ ಸಿನಿಮಾ ತೆಗೆಯುವ ಹುಚ್ಚು. ಗೇಮಿನಲ್ಲಿ ನೆಲ, ಗುಡ್ಡ, ಆಕಾಶ ಎಲ್ಲ ಇವರೇ ಕಟ್ಟಬೇಕು, ಅದರೊಳಗೆ ಓಡಾಡುತ್ತ ಕಂಡದ್ದನ್ನು ರೆಕಾರ್ಡ್ ಮಾಡಬೇಕು. ಕಥೆಯಿಲ್ಲ, ಹಾಡಿಲ್ಲ, ಮನುಷ್ಯರ ಮುಖವೇ ಇಲ್ಲ. ಕೆಂಪು ನೆಲ ಬಟ್ಟೆಯಂತೆ ಮಡಚಿಕೊಳ್ಳುತ್ತದೆ. ಕರಿ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿ ಮತ್ತೆ ಕೂಡುತ್ತವೆ.

"ಇದೇನ್ಲೇ, ಟಿವಿ ಕೆಟ್ಟಂಗೈತಿ" ಎಂದು ಒಮ್ಮೆ ಬೈದಿದ್ದೆ.

"ಮಾವಾ, ಕುರಿಹಿಂಡು ದಿಬ್ಬ ಇಳಿಯೂದು ಬಾಯಿ ತಕ್ಕೊಂಡು ನೋಡ್ತಿ. ಅದಕ್ಕೇನು ಕಥಿ ಐತಿ?" ಎಂದು ನಕ್ಕಿದ್ದ ಕನಕರಾಜ. ನಾನು ಇನ್ನಷ್ಟು ಬೈದಿದ್ದೆ.

ಆ ಸಿನಿಮಾದ ಕೊನೆಯ ತುಂಡು ಉಳಿದಿತ್ತು. ಅದನ್ನು ರೇಷ್ಮಾ ಒಬ್ಬಳೇ ತೆಗೆಯುತ್ತಿದ್ದಳು. ಗೇಮಿನಲ್ಲಿ ಕನಕರಾಜನದೊಂದು ಆಕಾರವಿತ್ತು. ಕಂಬಳಿ ಕೊಪ್ಪೆ ಹಾಕಿಕೊಂಡಂಥ ಕರಿ ಗೊಂಬೆ. ಕೊನೆಯ ಸಲ ಆಟದಿಂದ ಎದ್ದಾಗ ಎಲ್ಲಿ ಬಿಟ್ಟಿದ್ದನೋ ಅಲ್ಲೇ ನಿಂತಿತ್ತು.

ಒಂದು ಮಧ್ಯಾಹ್ನ ಮೈಲಾರಲಿಂಗಪ್ಪ ಮಗಳ ಹಿಂದೆ ಬಂದು ನಿಂತ.

"ಅದು ಯಾರವಾ?"

"ಅಣ್ಣ."

ಅವನು ಪರದೆಯತ್ತ ಬಗ್ಗಿದ. "ಇದರಾಗ ಮಣ್ಣು ಐತೇನು?"

"ಐತಪ್ಪ. ತೋಡಾಕೂ ಬರತೈತಿ, ಹಾಕಾಕೂ ಬರತೈತಿ."

"ಹಂಗಾರ ನನ್ನ ಕೈಲೆ ಹಾಕಸು."

ನನಗೆ ತಡೆಯಲಾಗಲಿಲ್ಲ. "ತಲಿ ಕೆಟ್ಟೈತೇನು ಮಾರಾಯಾ? ಗೊಂಬಿಗೆ ಯಾರರ ಮಣ್ಣು ಕೊಡ್ತಾರೇನು?"

"ನೀ ಕೊಟ್ಟಿ. ಊರೆಲ್ಲಾ ಕೊಟ್ಟಿತು" ಎಂದ ಮೈಲಾರಲಿಂಗಪ್ಪ. "ನಾ ಹಡದಾಂವ ಕೊಟ್ಟಿಲ್ಲ."

ನಾನು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.

ರೇಷ್ಮಾ ಆ ಕೆಂಪು ನೆಲದಲ್ಲಿ ಕುಣಿ ತೋಡಿದಳು. ಕರಿ ಆಕಾರವನ್ನು ಅದರಲ್ಲಿ ಮಲಗಿಸಿದಳು. "ಸಿನಿಮಾದ ಕಡೀಕ ಇದಽ ಇರ್ಲಿ" ಎಂದು ರೆಕಾರ್ಡಿಂಗ್ ಹಚ್ಚಿ, ಮೌಸನ್ನು ಅಪ್ಪನ ಮುಂದಿಟ್ಟಳು. "ಬಲಗಡಿದು ಒತ್ತಪ್ಪ, ಮಣ್ಣು ಬೀಳತೈತಿ." ಎಡಗಡೆಯ ಬಟನ್ನಿನ ಮಾತು ಆಡಲಿಲ್ಲ.

ನಮ್ಮ ಜನರಲ್ಲಿ ಸತ್ತವರಿಗೆ ಮಣ್ಣು ಕೊಡುವುದು ಎಡಗೈಯಿಂದ. ಬಲಗೈಯಿಂದ ಕೊಟ್ಟವರನ್ನು ನಾನು ಕಂಡಿಲ್ಲ. ಮೈಲಾರಲಿಂಗಪ್ಪ ರುಮಾಲು ತೆಗೆದಿಟ್ಟ. ಮೌಸಿನ ಮೇಲೆ ಎಡಗೈ ಇಟ್ಟ. ಮಗಳು ಬಲವೆಂದದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ, ಎಡಗಡೆಯದನ್ನು ಒತ್ತಿದ. ಮೂರು ಹಿಡಿ ಹಾಕುವ ಹಾಗೆ ಬಿಡದೆ ಮೂರು ಸಲ ಒತ್ತಿದ.

ಕುಣಿಯಲ್ಲಿದ್ದ ಆಕಾರ ಅದುರಿತು. ಮತ್ತೆ ಅದುರಿತು. ಆಮೇಲೆ ಕರಿ ನುಚ್ಚಾಗಿ ಚದುರಿ ಇಲ್ಲವಾಯಿತು.

"ಅಪ್ಪಾ!" ರೇಷ್ಮಾ ಕೂಗಿದಳು.

"ಬಿತ್ತೇನವಾ? ಮಣ್ಣು ಕಾಣವಲ್ದು."

ಬಿತ್ತು ಅನ್ನು ಎಂದು ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ಆ ಹುಡುಗಿಗೆ ಸುಳ್ಳು ಬರುವುದಿಲ್ಲ. ಆಗ ಅವಳ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

"ಎಡಗಡಿದು ಹೊಡಿಯೂದಪ್ಪ. ಒತ್ತಿದ್ರ ಏಟು ಬೀಳತೈತಿ."

ಅವನು ತನ್ನ ಎಡಗೈ ನೋಡಿಕೊಂಡ. "ನಾ ಹೊಡದ್ನೇನು?"

ಅವಳು ಹೌದೆಂದು ತಲೆ ಆಡಿಸಿದಳು.

"ತಿರುಗಿ ತರಾಕ ಬರತೈತೇನು?"

"ಇಲ್ಲಪ್ಪ. ಹೋದದ್ದು ಹೋತು, ತಿರುಗಿ ಬರಬಾರ್ದು ಅಂತ ಅಣ್ಣನಽ ಹಂಗ ಮಾಡಿಟ್ಟಿದ್ದ."

ಒಳಗೆ ಅಕ್ಕ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ.

ಮೈಲಾರಲಿಂಗಪ್ಪ ಮೌಸನ್ನು ಬಲಗೈಗೆ ತೆಗೆದುಕೊಂಡ. ಬಲಗಡೆಯದನ್ನು ಒತ್ತಿದ. ಖಾಲಿ ಕುಣಿಯೊಳಗೆ ಕೆಂಪು ಮಣ್ಣಿನ ಹೆಂಟೆ ಬಿತ್ತು. ಮತ್ತೊಂದು ಬಿತ್ತು. ಕುಣಿ ತುಂಬಿತು, ದಿಬ್ಬವಾಯಿತು, ಅವನು ನಿಲ್ಲಿಸಲಿಲ್ಲ.

"ಸಾಕಪ್ಪಾ, ಮುಚ್ಚೈತಿ."

"ನಾಯಿ ತೋಡಬಾರ್ದವಾ" ಎಂದ ಅವನು, ಪರದೆಯಿಂದ ಕಣ್ಣು ಕೀಳದೆ.

ಆ ನೆಲದಲ್ಲಿ ನಾಯಿಗಳೇ ಇರಲಿಲ್ಲ. ರೇಷ್ಮಾ ಕೈ ಚಾಚಿ ರೆಕಾರ್ಡಿಂಗ್ ನಿಲ್ಲಿಸಿದಳು. ಅಪ್ಪನ ಪಕ್ಕಕ್ಕೆ ಸರಿದು ಕುಳಿತು, ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ಈ ಕಡೆ ಕಮ್ಮಿ ಐತಪ್ಪ. ಇಲ್ಲಿ ಈಟು ಹಾಕು."