ಐದು ಮೂಗುಗಳು

ಕಜೆಟನ್ ಅಂಕಲ್‌ಗೆ ಐದು ಮೂಗು ಬೇಕಾಗಿತ್ತು.

ಪ್ರತಿ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮಂಗಳೂರು ಕಡೆಯ ನಾವು ಕೆಲವು ಕಥೊಲಿಕ್ ಕುಟುಂಬಗಳು ಸೇರಿ, ಬಹ್ರೇನ್‌ನ ಬುದಯ್ಯದಲ್ಲಿರುವ ಓಲಿವರ್ ಅಂಕಲ್‌ರ ವಿಲ್ಲಾದಲ್ಲಿ ಯೇಸುವಿನ ಯಾತನೆಯ ನಾಟಕ ಆಡುತ್ತೇವೆ. ಆಡಿಸುವವರು ಕಜೆಟನ್ ಅಂಕಲ್. ಅವರು ಒಂದು ಕ್ಯಾಟರಿಂಗ್ ಕಂಪನಿಯ ಸ್ಟೋರ್‌ಕೀಪರ್. ಬಹ್ರೇನ್‌ಗೆ ಬಂದು ಮೂವತ್ತೊಂದು ವರ್ಷವಾಯಿತು, ನಾಟಕಕ್ಕೂ ಅಷ್ಟೇ ವಯಸ್ಸು. ಮಹಾಯಾಜಕನಿಗೆ, ಅವನ ಮಾವನಿಗೆ, ಇಬ್ಬರು ಶಾಸ್ತ್ರಿಗಳಿಗೆ ಮತ್ತು ಯೇಸುವನ್ನು ಹಿಡಿದುಕೊಟ್ಟ ಯೂದನಿಗೆ ಕೊಕ್ಕಿನ ಹಾಗೆ ಬಾಗಿದ ರಬ್ಬರ್ ಮೂಗು ಅಂಟಿಸುವುದು ಮೊದಲಿನಿಂದಲೂ ನಡೆದುಬಂದದ್ದು. ಯೇಸುವಿಗೆ ಇಲ್ಲ, ಮರಿಯಮ್ಮನಿಗೆ ಇಲ್ಲ, ಪೇತ್ರನಿಗೂ ಇಲ್ಲ. ಹತ್ತು ವರ್ಷದವಳಿದ್ದಾಗ ನನಗೂ ಒಂದು ಮೂಗು ಬೇಕೆಂದು ಅತ್ತಿದ್ದೆ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಯೋಚಿಸಿದವಳಲ್ಲ.

ಈ ಸಲ ಪೆಟ್ಟಿಗೆ ತೆರೆದರೆ ಐದೂ ಮೂಗು ಸೆಕೆಗೆ ಬಿರುಕುಬಿಟ್ಟಿದ್ದವು.

"ನಮ್ಮ ಕ್ಲಿನಿಕ್‌ನಲ್ಲಿ ರೆಶ್ಮಾ ಅಂತ ಇದ್ದಾಳೆ ಅಂಕಲ್," ಎಂದೆ. "ಹಲ್ಲಿನ ಸೆಟ್ ಮಾಡುವವಳು. ಮೂಗೆಲ್ಲ ಅವಳಿಗೆ ಎಂತದೂ ಅಲ್ಲ."

"ಹಲ್ಲು ಮಾಡುವವಳು ಮೂಗೂ ಮಾಡ್ತಾಳಾ ಬಾಯೆ? ಹಾಗಾದ್ರೆ ನಮ್ಮ ಎರಿಕ್‌ಗೆ ಎರಡೂ ಮಾಡ್ಲಿಕ್ಕೆ ಹೇಳು."

ಮಹಾಯಾಜಕನ ಪಾತ್ರದ ಎರಿಕ್ ಅಂಕಲ್, ಮುಂದಿನ ಎರಡು ಹಲ್ಲು ಇಲ್ಲದ ಬಾಯಿ ತೆರೆದು ನಕ್ಕರು.

ರೆಶ್ಮಾ ಹುಬ್ಬಳ್ಳಿಯವಳು. ಅವಳ ತಂದೆ ಅಲ್ಲಿನ ರೈಲ್ವೆ ವರ್ಕ್‌ಶಾಪ್‌ನಲ್ಲಿದ್ದವರು, ಗಂಡ ಸಾಹಿಲ್ ಇಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ. ಮನಾಮಾದ ಆ ಕ್ಲಿನಿಕ್‌ನಲ್ಲಿ ನಾನು ರಿಸೆಪ್ಷನ್‌ನಲ್ಲಿ ಕೂರುತ್ತೇನೆ, ಅವಳು ಹಿಂದಿನ ಲ್ಯಾಬ್ ಕೋಣೆಯಲ್ಲಿ. ಕನ್ನಡ ಮಾತಾಡುವವರು ನಾವಿಬ್ಬರೇ. ಅಡ್ಡಹೆಸರಿನ ಕೊನೆಗೆ 'ಕರ್' ಇದ್ದದ್ದರಿಂದ ಮರಾಠಿ ಮೂಲದ ಹಿಂದೂಗಳೆಂದು ನಾನೇ ಅಂದುಕೊಂಡಿದ್ದೆ. ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಯಾರ ಮೂಗು ಬೇಕಾಗೇತಿ?" ಎಂದು ಕೇಳಿದಳು.

"ನಾಟಕದ ಯಹೂದಿಗಳದ್ದು. ಹೀಗೆ ಬಾಗಿದ್ದು." ನಾನು ಬೆರಳಿನಿಂದ ಗಾಳಿಯಲ್ಲಿ ಒಂದು ಕೊಕ್ಕೆ ಬರೆದು ತೋರಿಸಿದೆ.

ನನ್ನ ಕೈ ಕೆಳಗಿಳಿಯುವವರೆಗೂ ಅವಳು ಅದನ್ನೇ ನೋಡಿದಳು. "ಎಷ್ಟು?"

"ಐದು."

"ಹೂಂ," ಎಂದು ಕೆಲಸಕ್ಕೆ ತಿರುಗಿದಳು.

ರಂಜಾನ್ ಆದ್ದರಿಂದ ಕ್ಲಿನಿಕ್ ಎರಡು ಗಂಟೆಗೆ ಮುಚ್ಚುತ್ತಿತ್ತು. ಮೂರನೆಯ ದಿನ ಎಲ್ಲರೂ ಹೋದಮೇಲೆ ಅವಳು ನನ್ನನ್ನು ಲ್ಯಾಬ್‌ಗೆ ಕರೆದು ಬಾಗಿಲು ಹಾಕಿದಳು. ಟೇಬಲ್ ಮೇಲಿನ ಪ್ಲಾಸ್ಟರ್ ಪುಡಿಯನ್ನು ಒರೆಸುತ್ತಲೇ ಹೇಳಿದಳು.

"ವೆಂಡಿ, ನಾವು ಯಹೂದಿಗಳು."

"ಸುಮ್ನಿರು ಮಾರಾಯ್ತಿ," ಎಂದು ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ನಗು ಆ ಸಣ್ಣ ಕೋಣೆಯಲ್ಲಿ ಹೋಗಲು ಜಾಗ ಸಿಗದೆ ಉಳಿದ ಹಾಗಾಯಿತು.

"ಮುಂಬೈ ಕಡೆ ಕೊಂಕಣದಾಗ ನೂರಾರು ವರ್ಷದಿಂದ ಇದ್ದೋರು ನಾವು. ನಮ್ಮಜ್ಜ ರೈಲ್ವೆ ಕೆಲಸಕ್ಕಂತ ಹುಬ್ಬಳ್ಳಿಗೆ ಬಂದ. ಅಲ್ಲಿ ನಮಗ ಯಾರೂ ಏನೂ ಅಂದಿಲ್ಲ. ನಾವು ಏನಂತನ ಮಂದಿಗೆ ಗೊತ್ತಿದ್ದಿಲ್ಲ."

"ಇಲ್ಲಿ?"

"ಇಲ್ಲಿ ಸೂಕ್ ಮಾರ್ಕೆಟ್ ಹತ್ರ ನಮ್ಮ ಪ್ರಾರ್ಥನಾ ಮನಿ, ಸಿನಗಾಗ್ ಐತಿ. ಈ ಊರಿನ ಯಹೂದಿಗಳೂ ಅದಾರ, ಸ್ವಲ್ಪ ಮಂದಿ. ಎರಡು ಸಲ ಅದರ ಮುಂದ ಹಾದು ಹೋಗೀನಿ, ಒಳಗ ಹೋಗಿಲ್ಲ." ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ನಾವಿರೂ ಗುಫೂಲ್‌ನಾಗ ನಮ್ಮ ಬಿಲ್ಡಿಂಗಿನ ಗ್ರೂಪ್‌ನಾಗ ದಿನಾ ಯುದ್ಧದ ಫೋಟೋ ಬರ್ತಾವ. ಸತ್ತ ಕೂಸುಗಳನ್ನ ನೋಡಿ ನಾನೂ ಅತ್ತೀನಿ. ಆದ್ರ ಕೆಳಗ ಬರೀತಾರಲ್ಲ, ಸರ್ಕಾರ ಅಂತ ಬರಿಯಂಗಿಲ್ಲ, ಸೈನ್ಯ ಅಂತ ಬರಿಯಂಗಿಲ್ಲ. ಈ ಯಹೂದಿ ಕುಲನ ಹಿಂಗ ಅಂತಾರ. ಅಂದ್ರ ನಾನು. ನಮ್ಮವ್ವ."

"ಯಾರಿಗೂ ಗೊತ್ತಿಲ್ವಾ?"

"ಸಾಹಿಲ್ ಬ್ಯಾಡ ಅಂದಾನ. ಅವನ ಹೋಟೆಲ್ಲಿನಾಗೂ ಹೇಳಿಲ್ಲ. ಗೊತ್ತಾದ್ರ ಏನೂ ಆಗಲಿಕ್ಕಿಲ್ಲ. ಆದ್ರ ಏನಾಗತೈತಿ ನೋಡೂನು ಅಂತ ಗಂಡನ ನೌಕರಿ, ಇರೂ ಮನಿ ಪಣಕ್ಕ ಇಡಾಕ ಆಗತೈತೇನು?"

"ಮತ್ತೆ ನನಗ್ಯಾಕೆ ಹೇಳಿದ್ದು?"

"ನೀ ಗಾಳ್ಯಾಗ ಮೂಗು ಬರದು ತೋರಿಸಿದೆಲ್ಲ. ಅದಕ್ಕ."

ನನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. "ನೀನು ಮಾಡಬೇಡ. ಅಂಕಲ್‌ಗೆ ನಾನು ಬೇಡ ಅಂತ ಹೇಳ್ತೇನೆ."

"ಯಾಕಂತ ಹೇಳ್ತಿ?"

ಅವಳು ಒರೆಸುವ ಬಟ್ಟೆಯನ್ನು ಮಡಿಸಿ ಬದಿಗಿಟ್ಟಳು.

"ಮಾಡ್ತೀನಿ. ನೀ ಮಾತ್ರ ಯಾರ ಮುಂದೂ ಬಾಯಿ ಬಿಡಬ್ಯಾಡ."

ಆದರೂ ಆ ಸಂಜೆ ಕಜೆಟನ್ ಅಂಕಲ್‌ಗೆ ಫೋನ್ ಮಾಡಿದೆ. ಈ ವರ್ಷ ಮೂಗು ಬೇಡ, ಹಳೆಯ ಕಾಲದ್ದಾಯಿತು ಎಂದೆ.

"ಎಂತ ಹಳೆಯದು? ಜನರಿಗೆ ಗೊತ್ತಾಗ್ಬೇಕಲ್ಲ ಬಾಯೆ, ಯಾರು ಕೆಟ್ಟವರು ಅಂತ."

"ಯಹೂದಿಗಳಿಗೆ ಬೇಜಾರಾಗುದಿಲ್ವಾ ಅಂಕಲ್?"

"ಇಲ್ಲಿ ಯಾರಿದ್ದಾರೆ ಬೇಜಾರು ಮಾಡ್ಲಿಕ್ಕೆ? ನೀನು ಎಂ.ಎ. ಮಾಡಿದ್ದು ಜಾಸ್ತಿಯಾಯ್ತು." ಅವರು ನಕ್ಕರು. ಒಳ್ಳೆಯ ಮನುಷ್ಯ. ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದ ನಲವತ್ತು ದಿನ ನಮ್ಮ ಮನೆಗೆ ಊಟ ತಂದವರು. ಫೋನ್ ಇಟ್ಟ ಮೇಲೆ ಅದೇ ನನ್ನನ್ನು ಹೆಚ್ಚು ಕಾಡಿತು.

ಶುಕ್ರವಾರ ಮಧ್ಯಾಹ್ನ ರಿಹರ್ಸಲ್. ಮೂಗನ್ನು ಅಳತೆ ನೋಡಿ ಅಂಟಿಸಬೇಕೆಂದು ರೆಶ್ಮಾ ನನ್ನ ಜೊತೆ ಬಂದಿದ್ದಳು. ದಾರಿಯುದ್ದಕ್ಕೂ ರಟ್ಟಿನ ಡಬ್ಬ ಅವಳ ತೊಡೆಯ ಮೇಲಿತ್ತು. ನಾವಿಬ್ಬರೂ ಮಾತಾಡಲಿಲ್ಲ. ಹಾಲ್‌ನಲ್ಲಿ ಹನ್ನೊಂದು ಮಂದಿ ಇದ್ದರು. ಅವಳಿಗಾಗಿ ಎಲ್ಲರೂ ಕೊಂಕಣಿ ಬಿಟ್ಟು ಕನ್ನಡಕ್ಕೆ ಬಂದರು. ಹೊರಗೆ ಉಪವಾಸದ ಹೊತ್ತು; ಎರಿಕ್ ಅಂಕಲ್‌ರ ಹೆಂಡತಿ ಲಿಲಿಯನ್ ಆಂಟಿ ಪರದೆ ಎಳೆದು ಚಹಾ ಕೊಟ್ಟರು. ಓಲಿವರ್ ಅಂಕಲ್‌ರ ಮಗ ರೋನ್ಸನ್ ಎಂದಿನಂತೆ ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಿದ್ದ, ನಮ್ಮ ಗ್ರೂಪ್‌ಗೆ ಹಾಕಲು. ಆ ಗ್ರೂಪ್‌ನಲ್ಲಿ ಇನ್ನೂರು ಜನ.

ರೆಶ್ಮಾ ಮೊದಲ ಮೂಗನ್ನು ತೆಗೆದು ಎರಿಕ್ ಅಂಕಲ್‌ರ ಮುಖಕ್ಕೆ ಅಂಟಿಸಿ, ಅಂಚನ್ನು ಬೆರಳಿನಿಂದ ಒತ್ತಿ, ಪಕ್ಕಕ್ಕೆ ಸರಿದಳು. ಬಾಗಿದ ಮೂಗಲ್ಲ. ಸಾಧಾರಣ ಮೂಗು, ತುದಿ ಸ್ವಲ್ಪ ದಪ್ಪ, ಎರಡೂ ಬದಿಯಲ್ಲಿ ಕನ್ನಡಕ ಕೂತು ಬಿದ್ದ ಸಣ್ಣ ಗುಳಿ. ಆ ಗುಳಿಗಳನ್ನು ನಾನು ದಿನಾ ನೋಡುತ್ತೇನೆ, ಅವಳು ಕೆಲಸದ ಕನ್ನಡಕ ತೆಗೆದು ಊಟಕ್ಕೆ ಬಂದಾಗ. ಡಬ್ಬದಲ್ಲಿ ಉಳಿದ ನಾಲ್ಕೂ ಅದೇ ಅಚ್ಚಿನವು. ಈಗಲೇ ಎದ್ದು ಅವಳನ್ನು ಕರೆದುಕೊಂಡು ಹೊರಡಬಹುದಿತ್ತು. ನಾನು ಏಳಲಿಲ್ಲ.

"ಕೆಲಸ ಫಸ್ಟ್ ಕ್ಲಾಸ್," ಎಂದರು ಕಜೆಟನ್ ಅಂಕಲ್, ಸುತ್ತ ನೋಡುತ್ತ. "ಆದ್ರೆ ಮೇಡಂ, ಇದು ನಮ್ಮ ಮೂಗಿನ ಹಾಗೇ ಉಂಟಲ್ಲ. ನಮಗೆ ಯಹೂದಿ ಮೂಗು ಬೇಕಿತ್ತು. ವೆಂಡಿ ಹೇಳ್ಲಿಲ್ವಾ?"

"ಹೇಳಿದ್ಲು. ಇದು ಯಹೂದಿ ಮೂಗ ರೀ."

"ಯಾರದ್ದು?"

"ನಂದು."

ಎರಿಕ್ ಅಂಕಲ್‌ರ ಕೈ ಮುಖದವರೆಗೆ ಹೋಗಿ ನಿಂತಿತು, ಮುಟ್ಟಬಹುದೋ ಬಾರದೋ ಎಂಬಂತೆ. ಯಾರೋ ಕಪ್ಪನ್ನು ಬಸಿಯ ಮೇಲಿಟ್ಟ ಸದ್ದಾಯಿತು. ರೆಶ್ಮಾ ರೋನ್ಸನ್‌ನ ಕಡೆ ತಿರುಗಿದಳು.

"ತಮ್ಮಾ, ಅದನ್ನ ಅಳಿಸು. ನನ್ನ ಕಣ್ಣೆದುರಿಗೆ."

ಅವನು ಅಳಿಸಿದ. ಮೊಬೈಲಿನ ಕಸದ ಬುಟ್ಟಿಯಿಂದಲೂ ತೆಗೆದು ತೋರಿಸಿದ. ಅವಳು ಮೊಬೈಲನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ನೋಡಿ ಹಿಂದಿರುಗಿಸಿದಳು.

"ನಿನಗೆ ಗೊತ್ತಿತ್ತಾ?" ಕಜೆಟನ್ ಅಂಕಲ್ ನನ್ನನ್ನು ಕೇಳಿದರು.

"ಗೊತ್ತಿತ್ತು ಅಂಕಲ್."

"ಹೇಳ್ಬಾರ್ದಿತ್ತಾ? ಈಗ ನನ್ನ ಮರ್ಯಾದೆ ಎಲ್ಲಿ ಉಳೀತು?" ಅವರು ರೆಶ್ಮಾಳ ಕಡೆ ತಿರುಗಿದರು. "ಮೇಡಂ, ನಿಮ್ಮನ್ನು ಹೇಳಿದ್ದಲ್ಲ. ನನಗೆ ಯಾರ ಮೇಲೂ ದ್ವೇಷ ಇಲ್ಲ. ನನ್ನ ಜೀವನದಲ್ಲಿ ಒಬ್ಬ ಯಹೂದಿಯನ್ನೂ ನೋಡಿದವನಲ್ಲ ನಾನು."

"ನೋಡದೇನ ಮೂಗು ಗೊತ್ತಿತ್ತಲ್ರಿ ಅಂಕಲ್."

"ಹಾಗೆ ನೋಡಿದ್ರೆ ಯೇಸುವೂ ಯಹೂದಿಯೇ ಅಲ್ವಾ?" ಲಿಲಿಯನ್ ಆಂಟಿ ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು. "ಮರಿಯಮ್ಮನೂ."

"ಮತ್ತ ಅವರಿಗ್ಯಾಕ ಮೂಗು ಹಚ್ಚಂಗಿಲ್ಲ?"

ಆಂಟಿ ಚಹಾದ ಟ್ರೇ ಎತ್ತಿಕೊಂಡರು, ಎಲ್ಲಿಗೂ ಹೋಗಲಿಲ್ಲ. ಎರಿಕ್ ಅಂಕಲ್ ನಿಧಾನವಾಗಿ ಮೂಗನ್ನು ಬಿಡಿಸಿ, ಹರಿಯದ ಹಾಗೆ ಎರಡೂ ಕೈಯಲ್ಲಿ ಹಿಡಿದು ಡಬ್ಬದಲ್ಲಿಟ್ಟರು.

"ಮೂಗು ಬೇಡ," ಎಂದರು ಕಜೆಟನ್ ಅಂಕಲ್. "ಗುಂಪಿನ ದೃಶ್ಯ ಮಾಡುವ. ಮೇಡಂ, ನಿಮಗೆ ಕೇಳ್ಲಿಕ್ಕೆ ಕಷ್ಟ ಆಗ್ಬಹುದು. ಬೇಕಾದ್ರೆ ವೆಂಡಿ ಮನೆಗೆ ಬಿಟ್ಟು ಬರ್ತಾಳೆ."

ಏನು ಕಷ್ಟ ಎಂದು ಯಾರೂ ಹೇಳದ್ದರಿಂದ ನಾನೇ ಹೇಳಬೇಕಾಯಿತು. "ಒಂದು ಸಾಲು ಉಂಟು ರೆಶ್ಮಾ. ಯೇಸುವಿನ ಸಾವಿನ ಪಾಪ ತಮ್ಮ ಮೇಲೆ, ತಮ್ಮ ಮಕ್ಕಳ ಮೇಲೆ ಇರಲಿ ಅಂತ ಯಹೂದಿಗಳ ಗುಂಪು ಕೂಗುದು. ನಾನೂ ಆ ಗುಂಪಿನಲ್ಲಿದ್ದೇನೆ."

"ಗೊತ್ತೈತಿ. ನಾ ಕಾನ್ವೆಂಟಿನಾಗ ಕಲ್ತಾಕಿ." ಅವಳು ಒಂದು ಕುರ್ಚಿ ಎಳೆದು ನಮ್ಮೆದುರು ಕೂತಳು. "ಕೂಗ್ರಿ. ಕೇಳ್ತೀನಿ."

ನಾವು ಆರು ಮಂದಿ ಸಾಲಾಗಿ ನಿಂತೆವು. ಕಜೆಟನ್ ಅಂಕಲ್ ಕೈ ಎತ್ತಿ ಇಳಿಸಿದರು. ಯಾರ ದನಿಯೂ ಏಳಲಿಲ್ಲ. ಅವರು ಮತ್ತೊಮ್ಮೆ ಕೈ ಎತ್ತಿದರು. ನಾನು ಬಾಯಿ ತೆರೆದೆ. ಹದಿನೈದು ವರ್ಷ ಕೂಗಿದ ಸಾಲು. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ತಾನಾಗಿ ಬರುತ್ತಿತ್ತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿದೆ.

"ಇವತ್ತು ಆ ಸಾಲು ಬಿಟ್ಟು ಮುಂದೆ ಹೋಗುವ," ಎಂದರು ಅಂಕಲ್.

"ಇವತ್ತಷ್ಟ? ನಾ ಎದುರಿಗೆ ಕುಂತೀನಂತ?"

"ಅದು ನಾವು ಬರೆದದ್ದಲ್ಲ," ಎರಿಕ್ ಅಂಕಲ್ ಮೆಲ್ಲಗೆ ಹೇಳಿದರು. "ಗ್ರಂಥದಲ್ಲಿ ಉಂಟು. ಪಾದ್ರಿಯವರನ್ನು ಕೇಳದೆ ನಾವು ಹೇಗೆ ತೆಗೆಯುದು, ಕಜೆಟನ್?"

ಕಜೆಟನ್ ಅಂಕಲ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಮೂವತ್ತೊಂದು ವರ್ಷ ನಾನೇ ಹೇಳಿಕೊಟ್ಟದ್ದು. ಜೋರಾಗಿ, ಇನ್ನೂ ಜೋರಾಗಿ ಅಂತ." ಕನ್ನಡಕ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತರು. "ಪಾದ್ರಿಯವರನ್ನು ನಾನು ಕೇಳ್ತೇನೆ. ಆದ್ರೆ ಅವರು ಕೇಳ್ತಾರೆ, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಅಂತ. ಆಗ ನಾನು ಎಂತ ಹೇಳುದು ಮೇಡಂ?"

ಎಲ್ಲರೂ ರೆಶ್ಮಾಳನ್ನು ನೋಡಿದರು. ಅವಳು ನೆಲ ನೋಡುತ್ತಿದ್ದಳು. ಅವಳು ಹೇಳುವುದು ಪಾದ್ರಿಯವರಲ್ಲಿ ನಿಲ್ಲುವುದಿಲ್ಲ ಎಂದು ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅವರಿಂದ ಚರ್ಚ್ ಸಮಿತಿಗೆ, ಸಮಿತಿಯಿಂದ ಮನೆಮನೆಗೆ. ವಿಡಿಯೋ ಅಳಿಸಿದ ಹಾಗೆ ಅದನ್ನು ಅಳಿಸಲಾಗುವುದಿಲ್ಲ. 'ಯಾರೋ ಒಬ್ಬರು ಅಂತ ಹೇಳಿ ಅಂಕಲ್' ಎನ್ನಲು ನನ್ನ ಗಂಟಲವರೆಗೆ ಬಂದಿತ್ತು. ಅದನ್ನು ಹೇಳಬೇಕಾದವಳು ನಾನಲ್ಲ ಎಂದು ಸುಮ್ಮನಾದೆ. ಆ ಒಂದು ಸಲ ಸುಮ್ಮನಿದ್ದದ್ದು ಹೆದರಿಕೆಯಿಂದಲ್ಲ.

"ನನ್ನ ಹೆಸರು ಹೇಳ್ರಿ," ಎಂದಳು ಕೊನೆಗೆ. "ರೆಶ್ಮಾ, ಹುಬ್ಬಳ್ಳಿಯಾಕಿ, ಯಹೂದಿ ಅಂತ." ಎದ್ದು ನಿಂತಳು. "ಒಂದ್ನಿಮಿಷ ತಡೀರಿ. ಮೊದಲು ಸಾಹಿಲ್‌ಗೆ ಹೇಳ್ತೀನಿ."

ಪರದೆ ಸರಿಸಿ, ಗಾಜಿನ ಬಾಗಿಲು ತೆರೆದು ಅಂಗಳಕ್ಕೆ ಹೋದಳು. ಬಾಗಿಲು ಅವಳ ಹಿಂದೆ ತಾನಾಗಿ ಮುಚ್ಚಿಕೊಂಡಿತು. ಬಿಸಿಲಿನಲ್ಲಿ ಅವಳು ಫೋನನ್ನು ಕಿವಿಗಿಟ್ಟು ನಿಂತಿದ್ದು ಕಾಣುತ್ತಿತ್ತು. ಬಹಳ ಹೊತ್ತು ಅವಳ ತುಟಿ ಅಲುಗಲಿಲ್ಲ. ಆಮೇಲೆ ಅಲುಗಿತು. ಒಳಗೆ ನಾವ್ಯಾರೂ ಕೂತಿರಲಿಲ್ಲ.