ಚುಕ್ಕಾಣಿ ಕೋಣೆಯ ಚಾವಣಿ

ನಮ್ಮ ಮೋಟಾರು ದೋಣಿಯಲ್ಲಿ ನಾವಿರುವ ಫ್ರೀಸ್‌ಲ್ಯಾಂಡಿನಿಂದ ಫ್ರಾನ್ಸಿನ ಕಾಲುವೆಗಳಿಗೆ ಹೋಗಬೇಕೆಂದು ನನ್ನ ಗಂಡ ಶೂರ್ಡ್ ಚಳಿಗಾಲವಿಡೀ ನಕ್ಷೆ ಹರಡಿಕೊಂಡು ಕೂತಿದ್ದ. ದಾರಿಯಲ್ಲಿ ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸುವ ನೂರಾ ಹನ್ನೆರಡು ಲಾಕ್‌ಗೇಟುಗಳು. ಅತಿ ತಗ್ಗಿನ ಸೇತುವೆಯ ಕೆಳಗೆ ಮೂರು ಮೀಟರ್ ಜಾಗ. ದೋಣಿಯನ್ನು ಕಟ್ಟಿದ ನಮ್ಮ ಮಾವ, ನೀರಿನಿಂದ ಮೇಲೆ ಅದರ ಎತ್ತರ ಎರಡು ಮೀಟರ್ ತೊಂಬತ್ತೈದು ಎಂದು ಹಳೆಯ ಕಾಗದದಲ್ಲಿ ಬರೆದಿಟ್ಟಿದ್ದರು.

ಹೊರಡುವ ಮುನ್ನ ಒಮ್ಮೆ ಅಳೆಯೋಣವೆಂದ ಶೂರ್ಡ್. ಬಟಾಣಿ ಸೂಪು ಒಲೆಯ ಮೇಲಿಟ್ಟು ನಾನು ಟೇಪು ಹಿಡಿಯಲು ಹೋದೆ. ಮೂರು ಮೀಟರ್ ಹನ್ನೊಂದು ಬಂತು.

"ಅಜ್ಜೀನ ಕೂರಿಸಿದ್ರೆ ದೋಣಿ ಇಳಿಯುತ್ತೆ ಬಿಡಿ," ಎಂದಳು ಮಗಳು ನಿಂಕೆ.

"ಅವಳ ಕಿವಿಗೆ ಬೀಳಲಿ, ಇದೆ ನಿಂಗೆ," ಎಂದರು ಮಾವ.

ಭಾರ ಹೆಚ್ಚಲೆಂದು ನೀರಿನ ಟ್ಯಾಂಕು ತುಂಬಿಸಿದೆವು. ಎರಡೇ ಸೆಂಟಿಮೀಟರ್ ಇಳಿಯಿತು.

"ಎರಡು ತೊಂಬತ್ತೈದು ಅಂತ ಬರೆದಿದ್ದೀಯಲ್ಲಪ್ಪಾ?" ಎಂದ ಶೂರ್ಡ್.

ಮಾವ ಚುಕ್ಕಾಣಿ ಕೋಣೆಯ ಚಾವಣಿಯನ್ನು ಸವರಿದರು. "ಹದಿನೈದನೇ ವಯಸ್ಸಲ್ಲಿ ನೀನು ಸರ್‍ರಂತ ಬೆಳೆದೆ. ತಲೆ ಬಡೀತಿತ್ತು. ಚಾವಣಿ ಎತ್ತರಿಸಿದೆ. ಕಾಗದ ತಿದ್ದೋದು ಮರೆತೆ ಕಣೋ."

ಶೂರ್ಡ್ ಹೋಗಿ ಗರಗಸ ತಂದ.

"ತಗ್ಗಿಸಿದ್ರೆ ಫ್ರಾನ್ಸ್‌ವರೆಗೂ ಬಗ್ಗಿಕೊಂಡೇ ನಡೆಸ್ಬೇಕು," ಎಂದರು ಮಾವ.

"ಬಗ್ತೀನಿ."

ಮಾವ ಕೈ ಚಾಚಿದರು. "ಇಲ್ಲಿ ಕೊಡು ಅದನ್ನ. ನೀನು ಸೊಟ್ಟ ಕೊಯ್ತೀಯ."