ಬಿದಿರ ಬಿಲ್ಲಿಗೆ ಮರಳಿದ ದೋಲೆ

ಭೂತಾನದ ರಾಜಧಾನಿ ಥಿಂಫುವಿನಲ್ಲಿ ಎಂಟು ವರ್ಷ ಎರಡು ತುದಿಗೂ ಗಾಲಿಯಿರುವ ಕಾಂಪೌಂಡ್ ಬಿಲ್ಲು ಹಿಡಿದು ಹೆಸರು ಮಾಡಿದ ದೋಲೆಗೆ ಊರಿನ ಬಿದಿರ ಬಿಲ್ಲು ಯಾವ ಲೆಕ್ಕ? ಹೊಸ ವರ್ಷದ ಪಂದ್ಯಕ್ಕೆಂದು ಪಾರೋ ಕಣಿವೆಗೆ ಬಂದಿಳಿದಾಗ ಅವನು ಹಾಗೆಯೇ ಅಂದುಕೊಂಡಿದ್ದ. ತಂಡದಲ್ಲಿ ಕೊನೆಯ ಬಾಣ ಬಿಡುವ ಜಾಗ ಅವನಪ್ಪನದು, ಅಪ್ಪ ಹೋದ ಮೇಲೆ ಅವನದು. ಆ ಜಾಗಕ್ಕೇ ಈಗ ಸಂಚಕಾರ ಬಂದಿತ್ತು.

"ಗಾಲಿ ಬಿಲ್ಲಿನ ರುಚಿ ಹತ್ತಿದೋನ ಕೈಗೆ ಬಿದಿರು ಒಗ್ಗಲ್ಲ ಕಣೋ. ಈ ಸಲ ಕೈಕೊಟ್ಟೆ ಅಂದ್ರೆ ಮುಂದಿನ ವರ್ಷ ಆ ಜಾಗದಲ್ಲಿ ಬೇರೆಯವರು ನಿಲ್ತಾರೆ," ಎಂದು ತಂಡದ ಹಿರಿಯ ಕಾಡೊ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದ.

"ನೋಡ್ತಾ ಇರಿ ಮಾವ," ಎಂದಿದ್ದ ದೋಲೆ.

ಎದುರಾಳಿ ಹೊಳೆಯಾಚೆಯ ಊರು, ಅವನ ಹೆಂಡತಿ ಚೋಕಿಯ ತವರು. ಹಂಗಿಸಿ ಹಾಡಿ ಎದುರಿನವರ ಗುರಿ ಕೆಡಿಸುವುದು ಹೆಂಗಸರ ಕೆಲಸ. ಆ ದಿನ ಚೋಕಿ ತವರಿನ ಸಾಲಿನಲ್ಲೇ ನಿಂತಿದ್ದಳು. ಪಂದ್ಯಕ್ಕೆ ಮುಂಚೆ ಬಿಲ್ಲುಗಾರ ಹೆಂಡತಿಯ ಮಗ್ಗುಲಿಗೆ ಹೋಗಬಾರದಲ್ಲ, ದೋಲೆ ಎರಡು ರಾತ್ರಿ ತಂಡದವರ ಜೊತೆ ಕೊಟ್ಟಿಗೆಯಲ್ಲಿ ಮಲಗಿದ್ದ. ಅವಳ ಮುಖ ಕಂಡದ್ದೇ ಮೈದಾನದಲ್ಲಿ.

ಬೆಳಗಿನಿಂದ ಅವನ ಒಂದು ಬಾಣವೂ ಹಲಗೆಗೆ ತಾಗಲಿಲ್ಲ. ದೋಲೆ ಗಾಳಿಯನ್ನು ಬೈದ, ಬಾಣದ ಗರಿಯನ್ನು ಬೈದ, ಹೆದೆ ಬಿಗಿದವನನ್ನೂ ಬೈದ. ತನ್ನ ಕೈಯನ್ನು ಮಾತ್ರ ಬೈಯಲಿಲ್ಲ. ಅಷ್ಟು ನಂಬಿಕೆ ಅವನಿಗೆ ಅದರ ಮೇಲೆ.

ಗೆಲ್ಲಲು ಇಪ್ಪತ್ತೈದು ಅಂಕ ಬೇಕು. ಹೊಳೆಯಾಚೆಯವರದು ಇಪ್ಪತ್ತನಾಲ್ಕು, ಇವರದು ಇಪ್ಪತ್ತಮೂರು. ದೋಲೆಯ ಪಾಲಿನ ಎರಡು ಬಾಣ ಉಳಿದಿದ್ದವು. ಹಲಗೆಗೆ ಒಂದು ನಾಟಿದರೆ ಎರಡಂಕ, ಅಲ್ಲಿಗೆ ಪಂದ್ಯ ಮುಗಿಯಿತು. ಮೊದಲನೆಯದನ್ನು ಕಿವಿಯವರೆಗೆ ಎಳೆದ, ಹಿಡಿದು ನಿಂತ, ತೋಳು ನಡುಗಿತು. ಬಾಣ ಹಲಗೆ ದಾಟಿ ಗೋಧಿ ಹೊಲಕ್ಕೆ ಬಿತ್ತು.

ಹೆಂಗಸರ ಸಾಲಿನಿಂದ ಚೋಕಿಯ ದನಿ ಎದ್ದಿತು:

"ಎಳೆದು ನಿಂತ ನನ್ನ ರಾಯ, ಬಸ್ಸಿಗೆ ಕಾದಂಗೆ ಕಾಯ್ತಾನೆ,
ಬಿದಿರಿಗೆ ಗಾಲಿ ಇಲ್ಲ ರಾಯ, ಯಾವ ಬಸ್ಸು ಬರ್ತದೆ?"

ಮೈದಾನಕ್ಕೆ ಮೈದಾನವೇ ನಕ್ಕಿತು. ದೋಲೆಗೆ ಮೈಯೆಲ್ಲ ಉರಿದುಹೋಯಿತು. ಉರಿಯುತ್ತಲೇ ಅವನಿಗೆ ಹೊಳೆಯಿತು. ಗಾಲಿಯ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಭಾರ ಇಳಿದು ಕೈ ಹಗುರಾಗುತ್ತದೆ, ಸಾವಕಾಶವಾಗಿ ಗುರಿ ನೋಡಬಹುದು. ಬಿದಿರು ಎಳೆದಷ್ಟೂ ಭಾರ. ಬೆಳಗಿನಿಂದ ಅವನ ತೋಳು ಬಾರದ ಆ ಹಗುರಕ್ಕೆ ಕಾದು ಕಾದು ಸೋಲುತ್ತಿತ್ತು.

"ಇದು ಹೋಗಿ ಕೂತಿತು ಅಂತಲೇ ತಿಳ್ಕೊಳ್ಳಿ ಮಾವ," ಎಂದು ಕೊನೆಯ ಬಾಣ ಹೂಡಿದ. ಹೆದೆ ಕಿವಿ ಮುಟ್ಟಿದ್ದೇ ತಡ, ಬಿಟ್ಟ.

ದೂರದಲ್ಲಿ ಹಲಗೆ ಟಕ್ಕೆಂದಿತು. ಗುರಿಯ ಬಳಿ ನಿಂತಿದ್ದ ಅವನ ಕಡೆಯವರು ಕೈಯೆತ್ತಿ ಕುಣಿಯತೊಡಗಿದರು. ಕಾಡೊ ಓಡಿಬಂದು ಅವನ ಸೊಂಟಕ್ಕೆ ಗೆಲುವಿನ ಬಣ್ಣದ ಬಟ್ಟೆ ಸಿಕ್ಕಿಸಿ, "ಆ ಜಾಗ ನಿಂದೇ ಕಣೋ," ಎಂದ. ದೋಲೆಯ ಕಣ್ಣು ತುಂಬಿಬಂತು.

ಅತ್ತ ಚೋಕಿಯ ತಮ್ಮ ಗೆಂಬೊ ಕೆಂಡವಾಗಿದ್ದ. "ಅಕ್ಕಾ, ನೀನು ಹಂಗಿಸಿದ್ದೋ, ಭಾವನಿಗೆ ಪಾಠ ಹೇಳಿಕೊಟ್ಟಿದ್ದೋ?"

"ಹಂಗಿಸಿದ್ದೇ ಕಣೋ," ಎಂದಳು ಚೋಕಿ. "ಹದಿಮೂರು ವರ್ಷದ ಸಂಸಾರದಲ್ಲಿ ಒಂದು ದಿನ ನನ್ನ ಮಾತು ಕಿವಿಗೆ ಹಾಕ್ಕೊಂಡೋನಲ್ಲ. ಇವತ್ತು ಹಾಕ್ಕೋತಾನೆ ಅಂತ ನಾನೇನು ಕನಸು ಕಂಡಿದ್ನಾ?"